ಭಾವನ ಮೀಸೆ ಹೋದ ದಿನ

ನಮ್ಮ ಭಾವ ಬೋಜಪ್ಪನವರು ಸೇನೆಯಲ್ಲಿ ಜನರಲ್ ಆಗಿದ್ದವರು. ಮಾಮೂಲಿ ಜನರಲ್ ಅಲ್ಲ, ವೇಷ ಮರೆಸಿಕೊಂಡು ಶತ್ರುವಿನ ಅಡುಗೆಮನೆಯವರೆಗೆ ಹೋಗಿ ಬರುವ ವಿಶೇಷ ಪಡೆಯ ಜನರಲ್. ಎಲ್ಲಿ ಹೋದಿರಿ, ಏನು ಮಾಡಿದಿರಿ ಎಂದು ಕೇಳಿದರೆ ಮೀಸೆ ತಿರುವಿ ನಗುತ್ತಿದ್ದರು. ರಜೆ ಮುಗಿಸಿ ಹೊರಡುವಾಗ ನನ್ನ ಅಕ್ಕ ಪೊನ್ನಮ್ಮ "ಎಲ್ಲಿಗೆ?" ಎಂದರೆ "ಕೆಲಸಕ್ಕೆ" ಎನ್ನುವರು. ಅಷ್ಟೇ. ಆ ಒಂದು ಮಾತಿಗೆ ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟು. ದೇಶಕ್ಕೆ ಗುಟ್ಟು ಬೇಕು, ಒಪ್ಪೋಣ. ಅಕ್ಕನಿಗೆ ಊಟ ಸೇರಬೇಕಲ್ಲ?

ನಿವೃತ್ತರಾಗಿ ಗಾಳಿಬೀಡಿನ ತೋಟಕ್ಕೆ ಬಂದ ಮೇಲೆ ಡಾಕ್ಟರು ಅವರ ರಕ್ತ ಪರೀಕ್ಷೆ ಮಾಡಿ ಹಂದಿಮಾಂಸ ಬಂದ್ ಎಂದರು. ಅಕ್ಕ ಆ ಜಾಗಕ್ಕೆ ಹಾಗಲಕಾಯಿ ತಂದಳು. ಯಾವ ಶತ್ರುವಿಗೂ ಬಗ್ಗದ ಮನುಷ್ಯ ಹಾಗಲಕಾಯಿಗೆ ಹಣ್ಣಾದರು. ಒಂದು ದಿನ ತಟ್ಟೆ ಸರಿಸಿ ಸವಾಲು ಹಾಕಿದರು.

"ನಾನು ಬಸ್ಸಲ್ಲೇ ಭಾಗಮಂಡಲಕ್ಕೆ ಹೋಗಿ ಪ್ರಸಾದ ತರ್ತೇನೆ. ಒಬ್ಬನೇ ಒಬ್ಬನೂ ಗುರ್ತ ಹಿಡಿಯದಿದ್ರೆ ಭಾನುವಾರಕ್ಕೊಮ್ಮೆ ಪಂದಿ ಕರಿ. ಒಪ್ಪಿಗೆಯಾ?"

"ಒಪ್ಪಿಗೆ. ಗುರ್ತ ಹಿಡಿದ್ರೆ ಸಾಯುವ ತನಕ ಹಾಗಲಕಾಯಿ," ಎಂದಳು ಅಕ್ಕ.

ತೀರ್ಪುಗಾರ ನಾನು, ಶಶಿಧರ.

ಮರುದಿನ ಬೆಳಿಗ್ಗೆ ಕೋಣೆಯಿಂದ ಹೊರಬಂದ ಭಾವನನ್ನು ಕಂಡು ನನ್ನ ಕೈಯ ಕಾಫಿ ಚೆಲ್ಲಿತು. ಮೀಸೆ ಇರಲಿಲ್ಲ! ಬಿಳಿ ಪಂಚೆ, ಹೆಗಲ ಮೇಲೊಂದು ಬಿಳಿ ಬಟ್ಟೆ. "ಮೀಸೆಯಿಲ್ಲದೆ ನನ್ನನ್ನು ನಾನೇ ಗುರುತಿಸಲಿಲ್ಲ," ಎಂದು ಹಿಗ್ಗಿ, ಫೋನ್ ಆಫ್ ಮಾಡಿ ತೋಟದ ಹಿಂದಿನಿಂದ ನುಸುಳಿಹೋದರು.

ಬುದ್ಧಿವಂತರಿಗೆ ಮರೆತೇ ಹೋದದ್ದು ಇಷ್ಟು. ನಮ್ಮಲ್ಲಿ ಗಂಡಸು ಮೀಸೆ ತೆಗೆಯುವುದು ಮನೆಯಲ್ಲಿ ಸಾವಾದಾಗ. ಹಾಗೆ ತೆಗೆದು ಬಿಳಿ ಉಟ್ಟು ಹೋಗುವುದು ಭಾಗಮಂಡಲದ ಸಂಗಮಕ್ಕೆ, ಪಿಂಡ ಬಿಡಲು.

ಬಸ್ಸಿನಲ್ಲಿ ಎಲ್ಲರೂ ಗುರುತಿಸಿದರು. ಆದರೆ ದುಃಖದಲ್ಲಿರುವವರನ್ನು ಮಾತಾಡಿಸುವುದು ಹೇಗೆಂದು ಬಾಯಿ ಮುಚ್ಚಿ ಕೂತರು. ಕಂಡಕ್ಟರ್ ಟಿಕೆಟ್ಟನ್ನು ಎರಡೂ ಕೈಯಲ್ಲಿ ಕೊಟ್ಟನಂತೆ. ಭಾವ ಅದನ್ನು ತಮ್ಮ ವೇಷದ ಗೆಲುವೆಂದುಕೊಂಡರು. ಸಂಗಮದ ಮೆಟ್ಟಿಲಲ್ಲಿ ಪುರೋಹಿತ ಜನಾರ್ದನ ಭಟ್ಟರು ಮೆಲ್ಲಗೆ ಕೇಳಿದರು:

"ಯಾರ ಕರ್ಮಕ್ಕೆ ಬಂದದ್ದು?"

ಕೇಳಿದವರಿಗೆ ತಡವರಿಸದೆ ಒಂದು ಸುಳ್ಳು ಹೇಳಬೇಕು ಎನ್ನುವುದು ಕಮಾಂಡೊ ಪಾಠ.

"ಹೆಂಡತಿಯದು," ಎಂದುಬಿಟ್ಟರು ಭಾವ. "ನಾವು ಸಕಲೇಶಪುರದ ಕಡೆಯವರು."

ಭಟ್ಟರು ಈ ಮನುಷ್ಯನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವರು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಮರುಗಿ ಅಲ್ಲಿಂದಲೇ ಗುರುತಿನವರಿಗೆಲ್ಲ ಫೋನ್ ಮಾಡಿದರು.

ಇತ್ತ ಅಕ್ಕನ ಮನೆಗೆ ಮೊದಲ ಕರೆ ಮಡಿಕೇರಿಯ ನೆಂಟಳು ಕಾವೇರಮ್ಮನದು. "ಪೊನ್ನಕ್ಕ ಹೋದ್ರಂತೆ, ಹೌದಾ? ಯಾರು ಮಾತಾಡೋದು?"

"ಪೊನ್ನಕ್ಕನೇ," ಎಂದಳು ಅಕ್ಕ. ಆ ಕಡೆ ಫೋನ್ ಬಿದ್ದ ಸದ್ದಾಯಿತು.

ಅಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಅಕ್ಕನ ಮದುವೆಯ ಹಳೆಯ ಫೋಟೋಕ್ಕೆ ಹಾರ ಬಿದ್ದಿತ್ತು. ಕೆಳಗೆ ಸಾಲು ಸಾಲು ಓಂ ಶಾಂತಿ. ಅಕ್ಕ ನೋಡಿ, "ಒಳ್ಳೆ ಫೋಟೋ ಹಾಕಿದಾರೆ," ಎಂದಳು. ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬ ಜೀಪು. ಪಾಲಿಬೆಟ್ಟದಿಂದ ಪೊನ್ನಪ್ಪ ಮಾವ ದೊಡ್ಡ ಹೂಮಾಲೆಯೊಂದಿಗೆ ಇಳಿದರು. ಸತ್ತವಳೇ ಎದುರು ಬಂದದ್ದನ್ನು ಕಂಡು, ಇಷ್ಟು ದೂರ ಬಂದದ್ದು ದಂಡವಾಯಿತಲ್ಲ ಎಂಬಂತೆ ಮುಖ ಗಂಟಿಕ್ಕಿದರು. ಪಕ್ಕದ ತೋಟದ ಮಹಾದೇವಮ್ಮ ಗೇಟಿನಿಂದಲೇ ಅಳಲು ಶುರುಮಾಡಿದ್ದವರು, ಅಕ್ಕನನ್ನು ತಬ್ಬಿಕೊಂಡ ಮೇಲೂ ನಿಲ್ಲಿಸಲಾಗದೆ ಅಳು ಮುಂದುವರಿಸಿದರು.

"ಬನ್ನಿ, ಕುದ್ರಿ, ಕಾಪಿ ಕುಡಿರಿ," ಎಂದು ಅಕ್ಕ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದಳು. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ? ಫ್ರಿಡ್ಜ್ ತೆರೆದಳು. ಒಳಗೆ ಹಂದಿಮಾಂಸ ಇತ್ತು.

"ಇದು ಯಾವಾಗ ತಂದದ್ದು?" ಎಂದೆ.

"ನಿನ್ನೆ. ಒಂದು ವೇಳೆ ಗೆದ್ದು ಬಂದ್ರೆ ಅಂತ," ಎಂದಳು ನನ್ನ ಮುಖ ನೋಡದೆ.

ಸಂಜೆ ಭಾವ ಹಿಂದಿನ ದಾರಿಯಲ್ಲೇ ತೋಟ ನುಸುಳಿ ಬಂದರು. ಕಾಫಿ ಗಿಡದ ಸಂದಿಯಿಂದ ನೋಡಿದರೆ ಅಂಗಳದಲ್ಲಿ ಜೀಪುಗಳು, ಬಿಳಿ ಬಟ್ಟೆಯ ಜನ, ಗೋಡೆಗೊರಗಿಸಿದ ಹೂಮಾಲೆ, ಇನ್ನೂ ಕಣ್ಣೊರೆಸುತ್ತಿದ್ದ ಮಹಾದೇವಮ್ಮ. ಅವರೆಲ್ಲರ ನಡುವೆ ಅಕ್ಕ ಮಾತ್ರ ಇಲ್ಲ.

"ಪೊನ್ನೂ!"

ಆ ಹೆಸರನ್ನು ನಾವ್ಯಾರೂ ಅವರ ಬಾಯಲ್ಲಿ ಕೇಳಿರಲಿಲ್ಲ. ಎಲ್ಲ ತರಬೇತಿ ಮರೆತು ಓಡಿಬಂದರು. ಚರಂಡಿಗೆ ಬಿದ್ದು, ಎದ್ದು, ಒಂದು ಚಪ್ಪಲಿ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರು. ಅಕ್ಕ ಕೈಯಲ್ಲಿ ಸೌಟು ಹಿಡಿದು ಹೊರಬಂದಳು.

"ಎಂತಾತ್?"

ಭಾವ ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಅಷ್ಟು ಜನರೆದುರು ಮಗುವಿನಂತೆ ಅತ್ತರು. ನನಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಅಕ್ಕ ಸೌಟನ್ನು ನನ್ನ ಕೈಗೆ ಕೊಟ್ಟು ಸೆರಗಿನಿಂದ ಅವರ ಮುಖದ ಕೆಸರು ಒರೆಸಿದಳು.

"ಆ ಗಿಡದ ಹತ್ರದಿಂದ ಈ ಮೆಟ್ಟಿಲ ತನಕ ನಿಮಗೆ ಹೆಂಗಾಯ್ತೋ, ನಿಮ್ಮ ಸರ್ವೀಸು ಮುಗಿವ ತನಕ ನಂಗೆ ಹಂಗೇ ಇತ್ತು. ಗೇಟಲ್ಲಿ ಗುರ್ತಿಲ್ಲದ ಜೀಪು ನಿಂತ್ರೆ ಸಾಕಿತ್ತು," ಎಂದಳು.

ಭಾವ ತಲೆ ತಗ್ಗಿಸಿದರು. ಪ್ರಸಾದದ ಪೊಟ್ಟಣ ಮುಷ್ಟಿಯಲ್ಲೇ ಹಿಟ್ಟಾಗಿತ್ತು.

ತೀರ್ಪು ಹೇಳುವ ಅಗತ್ಯ ಬರಲಿಲ್ಲ. ನೆಂಟರೆಲ್ಲ ಕಡುಬಿಗೆ ಪಂದಿ ಕರಿ ಬಡಿಸಿಕೊಂಡು ಚಪ್ಪರಿಸುವಾಗ ಜನರಲ್ ಸಾಹೇಬರು ಯಾರೂ ಹೇಳದೆಯೇ ಹಾಗಲಕಾಯಿ ಹಾಕಿಸಿಕೊಂಡು ಉಂಡರು. ಕೊನೆಗೆ ಅಕ್ಕ ಅವರ ತಟ್ಟೆಗೆ ಒಂದು ತುಂಡು ಪಂದಿ ಹಾಕಿದಳು. ನಾನು ಬೇರೆ ಕಡೆ ನೋಡಿದೆ.

ಈಗ ಮೀಸೆ ಅರ್ಧ ಬೆಳೆದಿದೆ. ನಿನ್ನೆ ಅವರ ಮನೆಗೆ ಹೋಗಿದ್ದೆ. ಭಾವ ಹೆಗಲಿಗೆ ಟವೆಲ್ ಹಾಕಿ ಎದ್ದವರು ಅಡುಗೆಮನೆ ಬಾಗಿಲಲ್ಲಿ ನಿಂತರು.

"ಪೊನ್ನೂ, ಸ್ನಾನಕ್ಕೆ ಹೋಗ್ತಾ ಇದ್ದೇನೆ. ಹಿಂದಿನ ಬಚ್ಚಲಿಗೆ. ಹದಿನೈದು ನಿಮಿಷದಲ್ಲಿ ಬರ್ತೇನೆ."

ಎಲ್ಲಿಗೆ ಎಂದು ಅಕ್ಕ ಕೇಳಿರಲೇ ಇಲ್ಲ. ಆದರೂ ಒಲೆಯ ಮುಂದಿನಿಂದ ತಿರುಗಿ, "ಹುಷಾರಾಗಿ ಹೋಗಿ ಬನ್ನಿ," ಎಂದಳು.