ಬೆಳಗಿನ ಸಕ್ಕರೆ

ಆರನೇ ತಿಂಗಳ ತಪಾಸಣೆಯಲ್ಲಿ ಮಧುಮತಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಬಸುರಿಯರಿಗೆ ಬರುವಂಥದ್ದು, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹೋಗುತ್ತದೆ, ಊಟದಲ್ಲಿ ಪಥ್ಯ ಮಾಡಿ ಎಂದು ಡಾಕ್ಟರ್ ಸುರಭಿ ಹೇಳಿ ಕಳಿಸಿದ್ದರು. ಅಂದಿನಿಂದ ಬಿಟಿಎಂ ಲೇಔಟಿನ ಆ ಬಾಡಿಗೆ ಮನೆಯಲ್ಲಿ ದಿನ ಶುರುವಾಗುತ್ತಿದ್ದುದು ಅವಳ ಬೆರಳಿನಿಂದ. ಎದ್ದವಳೇ ಮಂಚದ ತುದಿಯಲ್ಲಿ ಕೂತು ಬೆರಳಿಗೆ ಸೂಜಿ ಚುಚ್ಚಿ, ರಕ್ತದ ಹನಿಯನ್ನು ಪುಟ್ಟ ಮಿಷನ್ನಿನ ಪಟ್ಟಿಗೆ ತಾಗಿಸುತ್ತಿದ್ದಳು. ಗಂಡ ಮೌನೇಶ ಶೇವಿಂಗ್ ಮಾಡುತ್ತಿದ್ದವನು ಅರ್ಧ ಮುಖದ ನೊರೆಯಲ್ಲೇ ಬಂದು ಬಗ್ಗಿ ನೋಡುತ್ತಿದ್ದ.

ಮಧ್ಯಾಹ್ನದ ಸಂಖ್ಯೆ, ಸಂಜೆಯದ್ದು ಹೇಗೋ ಹತೋಟಿಗೆ ಬಂತು. ಬೆಳಗಿನ ಖಾಲಿ ಹೊಟ್ಟೆಯದು ಮಾತ್ರ ಇಳಿಯಲಿಲ್ಲ.

"ರಾತ್ರಿ ಏನ್ ತಿಂದಿದ್ದಿ?"

"ಎರಡ ರೊಟ್ಟಿ, ಹೆಸರುಬ್ಯಾಳಿ ಪಲ್ಯ. ನೀವೂ ಕುಂತಿದ್ರೆಲ್ಲ ಬಾಜೂಕ."

"ಅದರ ಮ್ಯಾಲೆ?"

"ಮ್ಯಾಲೆ ಏನೂ ಇಲ್ರಿ."

ಅವನು ಅಡುಗೆಮನೆಗೆ ಹೋಗಿ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದು ನೋಡುವ ಸದ್ದು ಅವಳಿಗೆ ಕೇಳಿಸುತ್ತಿತ್ತು. ಮೌನೇಶ ಕೆಟ್ಟವನಲ್ಲ. ಅಪಾರ್ಟ್‌ಮೆಂಟುಗಳ ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟ್ ನಿಂತರೆ ಯಾವುದೋ ತಂತಿ ಸುಟ್ಟಿರುತ್ತದೆ, ಇಲ್ಲವೇ ಯಾರೋ ಬಾಗಿಲಿಗೆ ಏನೋ ಸಿಕ್ಕಿಸಿರುತ್ತಾರೆ. ಕಾರಣವಿಲ್ಲದೆ ಏನೂ ಕೆಡುವುದಿಲ್ಲ ಎಂದು ಅವನು ನಂಬಿದ್ದ. ಹೆಂಡತಿ ಕದ್ದು ತಿನ್ನುತ್ತಿದ್ದಾಳೆ ಎಂಬುದೊಂದೇ ಅವನಿಗೆ ಹೊಳೆದ ಕಾರಣ.

ಗದಗದ ಕಡೆಯಿಂದ ಬಾಣಂತನಕ್ಕೆಂದು ಮೊದಲೇ ಬಂದಿದ್ದ ಅವಳ ತಾಯಿ ರೇಣುಕವ್ವನದು ಬೇರೆಯೇ ಸಂಕಟ. ಬಸುರಿ ಮಗಳಿಗೆ ಬೆಲ್ಲದ ಮಾದಲಿ ಮಾಡುವ ಹಾಗಿಲ್ಲ, ಹೋಳಿಗೆ ತಟ್ಟುವ ಹಾಗಿಲ್ಲ. "ಉಣ್ಣೂ ಹೊತ್ತಿನ್ಯಾಗ ಉಣಬ್ಯಾಡ ಅಂತಾರ, ಇದೆಂಥಾ ಊರು" ಎಂದು ತನ್ನಷ್ಟಕ್ಕೆ ಗೊಣಗುತ್ತ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಡಿದದ್ದರಲ್ಲಿ ಒಂದು ಹೆಚ್ಚಾಗಿಯೇ ಮಗಳ ತಟ್ಟೆಗೆ ಬೀಳುತ್ತಿತ್ತು.

ಒಬ್ಬರು ಉಣ್ಣು ಎನ್ನುತ್ತಿದ್ದರು, ಇನ್ನೊಬ್ಬರು ಏನು ಉಂಡೆ ಎನ್ನುತ್ತಿದ್ದರು. ಇಬ್ಬರಿಗೂ ಉತ್ತರ ಕೊಟ್ಟು ಮಧುಮತಿ ದಣಿದಳು. ಜಯನಗರ ನಾಲ್ಕನೇ ಬ್ಲಾಕಿನ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ. ಕಾಲು ಊದಿಕೊಂಡು ಮನೆಗೆ ಬಂದವಳಿಗೆ ನಾಳೆ ಬೆಳಗಿನ ಸಂಖ್ಯೆಯ ಚಿಂತೆ. ಕಡೆಗೆ ಅವಳಿಗೆ ಒಂದೇ ದಾರಿ ತೋರಿತು. ತಿಂದರೆ ತಾನೇ ಏರುವುದು. ರಾತ್ರಿ ಒಂದೆರಡು ತುತ್ತು ತಿಂದು ಉಳಿದ ರೊಟ್ಟಿಯನ್ನು ಹಸಿ ಕಸದ ಬಕೆಟ್ಟಿನಲ್ಲಿ ಸಿಪ್ಪೆಗಳ ಕೆಳಗೆ ತುರುಕತೊಡಗಿದಳು. ಮಧ್ಯಾಹ್ನದ ಡಬ್ಬಿಯನ್ನೂ ಅಂಗಡಿಯಲ್ಲಿ ಯಾರಿಗಾದರೂ ಕೊಟ್ಟುಬಿಡುತ್ತಿದ್ದಳು. ರೇಣುಕವ್ವ ಒಂದು ಬೆಳಿಗ್ಗೆ ಬಕೆಟ್ಟಿನಲ್ಲಿ ಆ ರೊಟ್ಟಿಗಳನ್ನು ಕಂಡಳು. ಮಗಳಿಗೆ ತನ್ನ ಕೈಯಡುಗೆ ಸೇರುತ್ತಿಲ್ಲ ಎಂದುಕೊಂಡು ಅವುಗಳ ಮೇಲೆ ಮತ್ತೆ ಸಿಪ್ಪೆ ಮುಚ್ಚಿದಳು.

ಅಷ್ಟಾದರೂ ಸಂಖ್ಯೆ ಇಳಿಯಲಿಲ್ಲ.

ಒಂದು ಶನಿವಾರ ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಫ್ರೇಮ್ ತೋರಿಸುತ್ತಿದ್ದಾಗ ಮಧುಮತಿಗೆ ಕಣ್ಣು ಕತ್ತಲಿಟ್ಟಿತು. ಕೌಂಟರ್ ಹಿಡಿದುಕೊಂಡೇ ಕುಸಿದಳು. ಜೊತೆಗೆ ಕೆಲಸ ಮಾಡುವ ಚೈತ್ರ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆತಂದು ಮೌನೇಶನಿಗೆ ಫೋನ್ ಮಾಡಿದಳು. ಅವನು ಗ್ರೀಸ್ ಮೆತ್ತಿದ ಯೂನಿಫಾರ್ಮಿನಲ್ಲೇ, ಅತ್ತೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ.

"ಇವ್ರು ಊಟಾನೇ ಮಾಡ್ತಿಲ್ಲ ಅಣ್ಣ" ಎಂದಳು ಚೈತ್ರ. "ಡಬ್ಬಿ ದಿನಾ ನಮಗೇ ಕೊಟ್ಬಿಡ್ತಾರೆ. ಮನೇಲಿ ಗೊತ್ತಿರತ್ತೆ ಅಂದ್ಕೊಂಡೆ."

ಮೂತ್ರ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಡಾಕ್ಟರ್ ಸುರಭಿ ಮನೆಯ ಮೂವರನ್ನೂ ಒಳಗೆ ಕರೆದರು. "ಕೀಟೋನ್ ಬಂದಿದೆ. ಹೊಟ್ಟೆ ಖಾಲಿ ಇಟ್ರೆ ಮೈ ಕೊಬ್ಬು ಕರಗಿಸ್ಕೊಂಡು ಬದುಕತ್ತೆ, ಆಗ ಬರೋದಿದು. ಬಸುರೀಲಿ ಅದು ಬೇಗ ಶುರುವಾಗತ್ತೆ. ಯಾಕಮ್ಮ ಉಪವಾಸ ಮಾಡಿದ್ರಿ?"

ಮಧುಮತಿ ಗಂಡನ ಕಡೆ ನೋಡಲಿಲ್ಲ. "ಮುಂಜಾನೆ ಶುಗರ್ ಏರತೈತ್ರಿ ಮೇಡಂ. ನಾ ಕದ್ದು ತಿಂತೀನಿ ಅಂತ ಅನಕೊಳ್ಳಾಕತ್ತಾರ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಬೆಳಗಿನ ಶುಗರ್ ತಿಂದಿದ್ದರಿಂದಾನೇ ಏರತ್ತೆ ಅಂತಿಲ್ಲ. ಮಗು ಜೊತೆ ಮಾಸು ಇರತ್ತಲ್ಲ, ಅದು ಮಗುಗೆ ಆಹಾರ ಸಿಗ್ಲಿ ಅಂತ ತಾಯಿ ಮೈಲಿ ಇನ್ಸುಲಿನ್ ಕೆಲಸಾನ ತಡೆಯತ್ತೆ. ಎಲ್ಲ ಬಸುರಿಯರಿಗೂ ಹೀಗೇನೇ. ಕೆಲವರ ಮೈ ಇನ್ನಷ್ಟು ಇನ್ಸುಲಿನ್ ಮಾಡಿ ಸುಧಾರಿಸ್ಕೊಳತ್ತೆ, ಕೆಲವರಿಗೆ ಸಾಕಾಗಲ್ಲ. ನೀವು ಮಲಗಿದ್ದಾಗ ನಿಮ್ಮ ಲಿವರ್ರೇ ಸಕ್ಕರೆ ಬಿಡ್ತಾ ಇರತ್ತೆ. ಇದರಲ್ಲಿ ಇವರದ್ದೇನೂ ತಪ್ಪಿಲ್ಲ ಸಾರ್. ರಾತ್ರಿ ಹೊತ್ತು ಇನ್ಸುಲಿನ್ ಕೊಡೋಣ. ಊಟ ಬಿಡೋ ಹಾಗಿಲ್ಲ."

ಮೌನೇಶ ತನ್ನ ಕೈಯ ಗ್ರೀಸನ್ನು ನೋಡಿಕೊಳ್ಳುತ್ತ ತಲೆಯಾಡಿಸಿದ.

ಬಾಗಿಲ ಬಳಿ ನಿಂತಿದ್ದ ರೇಣುಕವ್ವ ಡಾಕ್ಟರನ್ನು ಮೆಲ್ಲಗೆ ಕೇಳಿದಳು. "ಅಲ್ರೀ ಬಾಯಾರ, ಈ ಶುಗರ್ ಇದ್ರ ಕೂಸು ದೊಡ್ಡದಾಗಿ ಹುಟ್ಟತೈತೇನ್ರಿ?"

"ಆಗ್ಬೋದಮ್ಮ. ತಾಯಿ ಸಕ್ಕರೆ ಮಗುಗೂ ಹೋಗತ್ತೆ. ಹತೋಟೀಲಿ ಇಲ್ದಿದ್ರೆ ಮಗು ಸಿಕ್ಕಾಪಟ್ಟೆ ದಪ್ಪ ಆಗತ್ತೆ, ಹೆರಿಗೆ ಕಷ್ಟ ಆಗತ್ತೆ. ಒಂದೊಂದ್ಸಲ ಕೊನೇ ದಿನಗಳಲ್ಲಿ..." ಡಾಕ್ಟರ್ ಮಧುಮತಿಯತ್ತ ನೋಡಿ ಮಾತು ನಿಲ್ಲಿಸಿದರು. "ನಾವು ನೋಡ್ಕೊಳ್ತಿದೀವಲ್ಲ, ಹಾಗಾಗಲ್ಲ ಬಿಡಿ."

"ನನ್ನ ಮೊದಲನೇ ಕೂಸು ಹಂಗ ಇತ್ರಿ" ಎಂದಳು ರೇಣುಕವ್ವ. "ಗಂಡು. ತೆಲಿ ತುಂಬ ಕೂದಲ. ಇಷ್ಟು ದೊಡ್ಡ ಕೂಸು ನಾ ನೋಡೇ ಇಲ್ಲ ಅಂದಿದ್ಲು ಸೂಲಗಿತ್ತಿ. ಅಳಲೇ ಇಲ್ರಿ ಅದು. ಗ್ರಹಣದಾಗ ಹೊರಗ ಬಂದಿದ್ದಿ, ಅದಕ್ಕ ಹಿಂಗಾತು ಅಂದ್ರು ನಮ್ಮತ್ತಿ. ಎಮ್ಮಿ ಹಗ್ಗ ಬಿಚ್ಚಿಕೊಂಡಿತ್ತು, ಕಟ್ಟಾಕ ಹೋಗಿದ್ನಿ ನಾನು."

ಹೀಗೊಬ್ಬ ಅಣ್ಣ ಹುಟ್ಟಿದ್ದ ಎನ್ನುವುದೇ ಮಧುಮತಿಗೆ ಗೊತ್ತಿರಲಿಲ್ಲ.

"ಅದಕ್ಕೇನಾಗಿತ್ತು ಅಂತ ಈಗ ಹೇಳಕ್ಕಾಗಲ್ಲಮ್ಮ" ಎಂದರು ಡಾಕ್ಟರ್. "ಶುಗರ್ ಇದ್ದಿರಬೋದು, ಇಲ್ದೇನೂ ಇರಬೋದು. ಆದ್ರೆ ಗ್ರಹಣದಿಂದ ಅಂತೂ ಅಲ್ಲ."

ರೇಣುಕವ್ವ ಹೂಂ ಎಂದಳು. ಅಳಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತವಳು, ಔಷಧಿ ತರಲು ಹೋದ ಮೌನೇಶ ಹಿಂತಿರುಗುವವರೆಗೂ ಮಗಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡೇ ಇದ್ದಳು.

ಇನ್ಸುಲಿನ್ ಶುರುವಾಯಿತು. ನರ್ಸ್ ತೋರಿಸಿಕೊಟ್ಟ ಹಾಗೆ ತಾನೇ ಚುಚ್ಚುತ್ತೇನೆಂದು ಮೌನೇಶ ಮುಂದಾದ. ಹೆಂಡತಿಯ ತೊಡೆಯ ಬಳಿ ಸೂಜಿ ತಂದವನು ಎರಡು ಸಲ ಹಿಂದಕ್ಕೆ ಎಳೆದುಕೊಂಡ. ರೇಣುಕವ್ವ ಅದನ್ನು ತೆಗೆದುಕೊಂಡು, ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಚುಚ್ಚಿದಳು. ಅಂದಿನಿಂದ ಅದು ಅವಳ ಕೆಲಸವಾಯಿತು. ಮೌನೇಶ ಬೆಳಿಗ್ಗೆ ಬಂದು ಬಗ್ಗಿ ನೋಡುವುದನ್ನು ಬಿಟ್ಟ. ಸಂಜೆ ಅವಳು ಬರುವ ಹೊತ್ತಿಗೆ ನೀರು ಕಾಯಿಸಿ, ಕಾಲು ಇಡಲು ಬಕೆಟ್ಟಿಗೆ ಹಾಕಿಡುತ್ತಿದ್ದ.

ಬೆಳಗಿನ ಸಂಖ್ಯೆ ಮೊದಲ ವಾರ ಅಲ್ಲಾಡಲಿಲ್ಲ. ಡಾಕ್ಟರ್ ಇನ್ಸುಲಿನ್ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರು. ನಿಧಾನವಾಗಿ ಇಳಿಯಿತು. ಇಳಿದ ದಿನ ಮನೆಯಲ್ಲಿ ಯಾರೂ ಸಂಭ್ರಮಪಡಲಿಲ್ಲ. ಸಂಭ್ರಮಪಡುವ ತ್ರಾಣ ಯಾರಿಗೂ ಉಳಿದಿರಲಿಲ್ಲ.

ದಿನ ತುಂಬುವ ಮೊದಲೇ ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು ಮಗು, ಮೂರು ಕಿಲೋ ಚಿಲ್ಲರೆ, ಹುಟ್ಟುತ್ತಲೇ ಜೋರಾಗಿ ಅತ್ತಿತು. ಮಗುವಿಗೆ ಸಕ್ಕರೆ ತೀರಾ ಕಡಿಮೆಯಾಗಬಾರದೆಂದು ಒಂದು ದಿನವೆಲ್ಲ ಅದರ ಹಿಮ್ಮಡಿ ಚುಚ್ಚಿ ನೋಡಿದರು. ಪ್ರತಿ ಸಲವೂ ಮಧುಮತಿ ಗೋಡೆಯ ಕಡೆ ತಿರುಗಿಕೊಂಡಳು. ಎಲ್ಲ ಸರಿಯಾಗಿತ್ತು. ಅವಳ ಇನ್ಸುಲಿನ್ ಕೂಡ ಅಂದೇ ನಿಂತಿತು. ಆಸ್ಪತ್ರೆಯ ಉಪ್ಪಿಟ್ಟನ್ನು ಅವಳು ಯಾರ ಮುಖವನ್ನೂ ನೋಡದೆ ತಿಂದು ಮುಗಿಸಿದಳು.

ಒಂದೂವರೆ ತಿಂಗಳಾದ ಮೇಲೆ ಮತ್ತೆ ಗ್ಲೂಕೋಸ್ ನೀರು ಕುಡಿದು ರಕ್ತ ಕೊಡಬೇಕಿತ್ತು. ಲ್ಯಾಬಿನಲ್ಲಿ ಕಾಯುತ್ತ ಕೂತಾಗ ಎದೆ ಹಾಲು ತುಂಬಿ ಬಿಗಿಯಾಯಿತು. ರಿಪೋರ್ಟ್ ನಾರ್ಮಲ್ ಬಂತು.

"ಸದ್ಯಕ್ಕೆ ಹೋಗಿದೆ" ಎಂದರು ಡಾಕ್ಟರ್ ಸುರಭಿ. "ಆದ್ರೆ ಮುಂದೆ ಬರೋ ಚಾನ್ಸ್ ಬೇರೆಯವರಿಗಿಂತ ನಿಮಗೆ ಜಾಸ್ತಿ. ವರ್ಷಕ್ಕೊಂದ್ಸಲ ಟೆಸ್ಟ್ ತಪ್ಪಿಸ್ಬೇಡಿ."

"ಜೀವನಪೂರ್ತಿ ಏನ್ರಿ?"

"ಹೂಂನಮ್ಮ."

ಮಧುಮತಿ ಆಯಿತು ಎಂದು ಎದ್ದಳು. ಹೊರಗೆ ಮೌನೇಶ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ, ರೇಣುಕವ್ವನ ಮಡಿಲಲ್ಲಿ ಮಗು ಹಸಿದು ಅಳುತ್ತಿತ್ತು. ಆಟೋ ಹತ್ತಿ ಸೆರಗಿನ ಮರೆಯಲ್ಲಿ ಮಗುವಿಗೆ ಹಾಲು ಕೊಡುತ್ತ, ಡಾಕ್ಟರ್ ಹೇಳಿದ್ದನ್ನು ಇಬ್ಬರಿಗೂ ಹೇಳಬೇಕೆಂದುಕೊಂಡಳು. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ನಿಂತಾಗ ಹೇಳುವ ಮೊದಲೇ ಅವಳಿಗೆ ನಿದ್ದೆ ಹತ್ತಿತು. ರೇಣುಕವ್ವ ಮಗು ಜಾರದಂತೆ ಅದರ ಕೆಳಗೆ ಕೈ ಕೊಟ್ಟು ಹಿಡಿದುಕೊಂಡಳು.