ತುಂಬು ಬಿಡಿಸಿದ ಹಾರ

ಸೀನು ಬರುತ್ತಿಲ್ಲ, ಮೂಗಿನ ತುದಿಗೆ ಬಂದು ನಿಂತಿದೆ, ಬ್ಯಾಡಗಿ ಕಾಯಿಗೆ ನಾನು ಸೀನುವುದು ಬಿಟ್ಟು ಯಾವ ಕಾಲವಾಯಿತು, ಇದು ಗುಂಟೂರು ಕಾಯಿ, ಬೆಂಕಿಯಂಥ ಖಾರ, ಸೆರಗಿನ ಗಂಟಿನಲ್ಲಿ ಕದ್ದು ತಂದದ್ದು, ಒಂದು ಹಿಡಿ, ಒಂದು ಕೊರಳಿಗೆ ಎಷ್ಟು ಬೇಕು — ಸೂಜಿ ಎಲ್ಲಿ, ಇಲ್ಲೇ ತೊಡೆಯ ಮೇಲೆ — ಕರಿಯವ್ವ, ಹಾರ ಛಲೋ ಆಗಬೇಕ್ ನೋಡ, ಎಂಎಲ್ಎ ಸಾಹೇಬ್ರು ಬರಾಕತ್ತಾರ, ಅಂದು ಹೋದ ಸಿದ್ದಲಿಂಗಪ್ಪ ಸಾಹುಕಾರ, ಅವನ ಹೊಸ ಕೋಲ್ಡ್ ಸ್ಟೋರೇಜಿನ ಉದ್ಘಾಟನೆ, ದೊಡ್ಡವರು ಬಂದರೆ ಇಲ್ಲಿ ಮೆಣಸಿನಕಾಯಿ ಹಾರವೇ ಆಗಬೇಕು, ನಮ್ಮ ಕಾಯಿ ನೋಡಲು ಕೆಂಪು, ಖಾರ ಕಡಿಮೆ, ಮೇಲಾಗಿ ಹಾರಕ್ಕೆ ತುಂಬು ಬಿಡಿಸುವುದಿಲ್ಲ, ಆ ಪುಟ್ಟ ತೊಟ್ಟು ಕಿತ್ತರೆ ಕಾಯಿ ಬಾಯಿ ತೆರೆದು ಬೀಜ ಉದುರುತ್ತದೆ. ತುಂಬು ಬಿಡಿಸುವುದೇ ನನ್ನ ಹೊಟ್ಟೆಪಾಡು, ಬೆಳಗಿನಿಂದ ಸಂಜೆತನಕ, ಉಗುರಿನ ಸಂದಿ ಉರಿಯುವ ತನಕ. ಇವತ್ತು ಕೊರಳ ಹಿಂದೆ ಕೂರುವ ಈ ಗುಂಟೂರು ಕಾಯಿಗಳದ್ದಷ್ಟೇ ಬಿಡಿಸುತ್ತೇನೆ. ಆ ಕೊರಳು ನನಗೆ ಗೊತ್ತು, ಹಿಂದೆ ಎರಡು ಮಡಿಕೆ, ಮಡಿಕೆಗಳ ನಡುವೆ ಬೆವರು.

ನಾವು ಹೆಂಗಸರು ಕೂಲಿಗಾಗಿ ಮುಷ್ಕರ ಹೂಡಿದ್ದ ಪೆಂಡಾಲಿನಲ್ಲಿ ನನ್ನ ಮುಂದೆಯೇ ಕೂತಿದ್ದನಲ್ಲ ಈ ಎಂಎಲ್ಎ, ನಾನು ಪುಣ್ಯಾತ್ಗಿತ್ತಿ ಸೆರಗಿನಿಂದ ಗಾಳಿ ಹಾಕಿದೆ, ಥೂ. ಹಿಂದಿನ ದಿನವೇ ಸಾಹುಕಾರ ಮೆತ್ತಗಾಗಿದ್ದ, ನನ್ನ ಪಕ್ಕದಲ್ಲೇ ಕೂತು ತುಂಬು ಬಿಡಿಸುತ್ತಿದ್ದ ಸಕೀನಾಬಿ ನಮ್ಮೆಲ್ಲರ ಪರವಾಗಿ ಒಳಗೆ ಹೋಗಿ ಮಾತಾಡಿ ಬಂದಿದ್ದಳು, ಕೂಲಿ ಏರಸ್ತಾನಂತ ಬೇ, ನಾಳೆ ಮುಂಜಾನೆ ಹೇಳ್ತಾನಂತ, ಯಾರೂ ಗದ್ದಲ ಮಾಡಬ್ಯಾಡ್ರಿ — ಮುಂಜಾನೆ ಇವನು ಬಂದ, ಕರೆದವರು ಯಾರು, ಯಾರೂ ಇಲ್ಲ, ಕ್ಯಾಮೆರಾದವರನ್ನು ಕಟ್ಟಿಕೊಂಡು ಬಂದ, ನಮ್ಮ ಬುತ್ತಿಯ ರೊಟ್ಟಿ ಮುರಿದ, ಮೈಕ್ ಹಿಡಿದ, ನಾ ನಿಮ್ಮ ಕಡೆ ಅದೇನಿ ತಾಯಂದಿರಾ, ಈ ರಕ್ತಾ ಹೀರೂ ಸಾಹುಕಾರಗ ಬುದ್ಧಿ ಕಲಸ್ತೇನಿ, ಚಪ್ಪಾಳೆ, ನಾನೂ ಹೊಡೆದೆ, ಸಕೀನಾ ಒಬ್ಬಳೇ ಕೈ ಕಟ್ಟಿಕೊಂಡು ನಿಂತಳು, ಹಾಳಾತು ಕರಿಯವ್ವ, ಇನ್ನ ಅಂವ ಬಗ್ಗೂದಿಲ್ಲ. ಬಗ್ಗಲಿಲ್ಲ. ಊರೆದುರು ಬೈಸಿಕೊಂಡ ಸಾಹುಕಾರ ಗೇಟಿಗೆ ಕೀಲಿ ಜಡಿದ, ಎದುರು ಪಾರ್ಟಿಯವರು ಸಾಹುಕಾರನ ಪರ ಘೋಷಣೆ ಕೂಗಿದರು, ನಮ್ಮ ಕೂಲಿಯ ಮಾತು ಯಾರ ಬಾಯಲ್ಲೂ ಉಳಿಯಲಿಲ್ಲ, ಕೊನೆಗೆ ಹಳೇ ಕೂಲಿಗೇ ತಲೆ ತಗ್ಗಿಸಿ ಒಳಹೋದೆವು, ಸಕೀನಾಳನ್ನು ಮಾತ್ರ ಬಿಡಲಿಲ್ಲ, ಕೆಲಸಾ ನಿಮ್ಮ ಸಾಹೇಬ್ರನ್ನ ಕೇಳ ಹೋಗು, ಅಂದ ಸಾಹುಕಾರ. ಹೋಗಿ ಕೇಳಿದಳು, ಅವನ ಮನೆ ಬಾಗಿಲಲ್ಲಿ ನಿಂತು, ಯಾರವ್ವಾ ನೀ ಅಂದನಂತೆ. ಈಗ ರಾಣೆಬೆನ್ನೂರಿನ ಖಾನಾವಳಿಯಲ್ಲಿ ಮುಸುರೆ ತಿಕ್ಕುತ್ತಾಳೆ.

ಬ್ಯಾಂಡು ಬಾರಿಸುತ್ತಿದ್ದಾರೆ, ಬಂದ, ಸಾಹುಕಾರನ ಹೆಗಲ ಮೇಲೆ ಕೈ ಹಾಕಿಕೊಂಡೇ ಬಂದ, ನೋಡು ಸಕೀನಾ, ಇಬ್ಬರೂ ಒಂದೇ ಸೋಫಾ, ಮೈಕಿನಲ್ಲಿ ಇಂಥಾ ಸಾಹುಕಾರ್ರು ತಾಲೂಕಿಗೊಬ್ಬರಿರಬೇಕು ಅನ್ನುತ್ತಿದ್ದಾನೆ, ನಾಲಿಗೆಗೆ ಎಲುಬಿಲ್ಲ — ಕರಿಯವ್ವ, ಲಗೂ ಬಾ, ಹಾರ ಹಾಕು — ಗುಂಟೂರು ಕಾಯಿ ಪೋಣಿಸಿದ್ದು ನಾನೇ ಅಂತ ತಿಳಿದರೆ ನಾಳೆ ನನಗೂ ಗೇಟು ಮುಚ್ಚುತ್ತದೆ, ಮುಚ್ಚಲಿ, ಖಾನಾವಳಿಯಲ್ಲಿ ಇನ್ನೊಬ್ಬಳಿಗೆ ಜಾಗ ಇದ್ದೇ ಇರುತ್ತದೆ — ಮೆಟ್ಟಿಲು, ಕ್ಯಾಮೆರಾ, ಬಾರವ್ವಾ ತಾಯಿ, ಯಾವ ಊರು ನಿಂದು, ಗುರುತು ಸಿಗಲಿಲ್ಲ ಅವನಿಗೆ, ನಾ ಯಾವಾಗ್ಲೂ ನಿಮ್ಮ ಕಡೆನ ನೋಡು, ಅನ್ನುತ್ತ ಬಗ್ಗಿದ, ಹಾಕಿದೆ, ಸರಿ ಮಾಡುವವಳ ಹಾಗೆ ಹಿಂದಿನಿಂದ ಒತ್ತಿದೆ, ಇನ್ನೊಮ್ಮೆ ಒತ್ತಿದೆ, ಬಿಸಿಲು, ಎರಡು ಮಡಿಕೆ, ನಡುವೆ ಬೆವರು, ಬೆವರಿಗೆ ಅಂಟಿದ ಒಂದು ಬೀಜ, ಇನ್ನೊಂದು, ಅವನ ಕೈ ಕೊರಳು ತುರಿಸಲು ಮೆಲ್ಲಗೆ ಹಿಂದಕ್ಕೆ ಬರುತ್ತಿದೆ, ಆ ಮಡಿಕೆ, ಆ ಬೆವರು, ಆ ಬೀಜ