ಪುಸ್ತಕ ತಾನಾಗಿ ತೆರೆದುಕೊಳ್ಳುವ ಜಾಗ

ಬೈಂಡರನಿಗೆ ಬೈಬಲ್ಲಿನ ಮೇಲೆ ನಂಬಿಕೆ ಇರಲಿಲ್ಲ. ದ್ವೇಷವೂ ಇರಲಿಲ್ಲ. ನೂರು ಜನಕ್ಕೆ ಬೇಯಿಸಿ ಹಾಕಿದ ಅಡುಗೆಯವನಿಗೆ ಊಟ ಸೇರುವುದಿಲ್ಲವಲ್ಲ, ಆ ಥರ. ಮೂವತ್ತೈದು ವರ್ಷದಲ್ಲಿ ತಾನು ಕಟ್ಟಿದ ಬೈಬಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ, ಅದನ್ನೇ ಹತ್ತಿ ಹೋಗಿ ದೇವರನ್ನು ನೇರವಾಗಿ ಕೇಳಿ ಬರಬಹುದಿತ್ತು ಎಂದು ಅವನು ಹೇಳುತ್ತಿದ್ದ. ಅವನ ಹೊಲಿಗೆಯೂ ಅಷ್ಟೇ ಗಟ್ಟಿ. ಅವನು ಕಟ್ಟಿದ ಒಂದು ನಿಘಂಟು ಲಾರಿಯ ಚಕ್ರದ ಕೆಳಗೆ ಸಿಕ್ಕಿದಾಗ ಪಂಕ್ಚರ್ ಆದದ್ದು ಲಾರಿ.

ಅಪನಂಬಿಕೆಗೆ ಅವನ ಹತ್ತಿರ ಕಾರಣವಿತ್ತು. ಒಮ್ಮೆ ಪ್ರೆಸ್ಸಿನವರು ಹದಿನಾರು ಪುಟದ ಒಂದು ಫಾರಂ ಕಳಿಸುವುದನ್ನೇ ಮರೆತು, ಇನ್ನೂರು ಬೈಬಲ್ಲುಗಳಿಂದ ಒಬ್ಬ ಪ್ರವಾದಿ ಪೂರ್ತಿ ಕಾಣೆಯಾಗಿದ್ದ. ಆ ಇನ್ನೂರೂ ಮಾರಾಟವಾದವು. ಜನ ಓದಿದರು, ಕಣ್ಣಿಗೊತ್ತಿಕೊಂಡರು, ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದರು. ನಮ್ಮ ಪ್ರವಾದಿ ಎಲ್ಲಿ ಎಂದು ಕೇಳಿಕೊಂಡು ಒಂದು ನರಪಿಳ್ಳೆಯೂ ಬರಲಿಲ್ಲ.

"ಮಾತಾಡಿದೋನು ದೇವರೇ ಆಗಿದ್ರೆ, ಮಧ್ಯದಲ್ಲಿ ಮಾತು ಬಿಟ್ಟುಹೋದಾಗ ಒಂದು ಸಲ ಕೆಮ್ಮಾದ್ರೂ ಕೆಮ್ಮಬೇಕಿತ್ತಲ್ಲ" ಎಂದು ಅವನು ಅಕ್ಕನನ್ನು ಕೇಳಿದ್ದ.

"ಕೆಮ್ಮಿರ್ತಾನೆ. ನಿನ್ನ ಮೆಷಿನ್ ಸದ್ದಿಗೆ ಕೇಳಿಸಿರಲ್ಲ" ಎಂದಿದ್ದಳು ಅಕ್ಕ.

ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಅವನ ಮೂಗು ಒರೆಸಿದವಳು, ದೊಡ್ಡವನಾದ ಮೇಲೂ ಆ ಅಧಿಕಾರ ಬಿಟ್ಟುಕೊಡದವಳು. ಭಾವ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ, ಅಂಗಡಿಯ ಹಿಂದಿನ ಕೋಣೆಯಲ್ಲಿ ಇದ್ದಳು. ಬೈಬಲ್ಲನ್ನು ಅವಳು ಬೈಬಲ್ ಎನ್ನುತ್ತಿರಲಿಲ್ಲ, ಸತ್ಯವೇದ ಎನ್ನುತ್ತಿದ್ದಳು. ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಅದನ್ನು ತೊಡೆಯ ಮೇಲೆ ಬೆನ್ನು ಕೆಳಗಾಗಿ ನಿಲ್ಲಿಸಿ, ಎರಡೂ ಕೈ ಬಿಟ್ಟುಬಿಡುತ್ತಿದ್ದಳು. ಪುಸ್ತಕ ತಾನಾಗಿ ಎಲ್ಲಿ ತೆರೆದುಕೊಂಡರೆ ಅದು ಆ ದಿನದ ಅಪ್ಪಣೆ. ಕಣ್ಣು ಮಂಜಾದ ಮೇಲೆ ಓದುವ ಕೆಲಸ ಬೈಂಡರನಿಗೆ ಬಿದ್ದಿತ್ತು. ಮೋಸ ಮಾಡುವ ಹಾಗಿರಲಿಲ್ಲ. ಪುಸ್ತಕ ಅವಳಿಗೆ ಬಾಯಿಪಾಠ. ಒಮ್ಮೆ ಅವಸರದಲ್ಲಿ ಎರಡು ಸಾಲು ಹಾರಿಸಿದ್ದಕ್ಕೆ ಇಡೀ ಅಧ್ಯಾಯ ಮೊದಲಿನಿಂದ ಓದಿಸಿದ್ದಳು.

ಆದರೆ ಪುಸ್ತಕ ದಿನಾ ತೆರೆದುಕೊಳ್ಳುತ್ತಿದ್ದುದು ಒಂದೇ ಕಡೆ. ದೇವರಿಗೆ ಗುಡಾರ ಕಟ್ಟುವ ಅಳತೆಗಳಿರುವ ಜಾಗ. ಇಷ್ಟು ಮೊಳ ಉದ್ದ, ಇಷ್ಟು ಮೊಳ ಅಗಲ, ಪರದೆಗೆ ಐವತ್ತು ಕುಣಿಕೆ, ಐವತ್ತು ಕೊಂಡಿ. ಇದರ ಗುಟ್ಟು ಬೈಂಡರನಿಗೆ ಗೊತ್ತಿತ್ತು. ಭಾವ ಬದುಕಿದ್ದಾಗ ಓದುತ್ತ ಓದುತ್ತ ನಿದ್ದೆ ಬಂದರೆ ಕನ್ನಡಕವನ್ನು ಪುಟಗಳ ನಡುವೆ ಇಟ್ಟು ಪುಸ್ತಕ ಮುಚ್ಚುತ್ತಿದ್ದರು. ಅವರಿಗೆ ನಿದ್ದೆ ಬರುತ್ತಿದ್ದುದು ಗುಡಾರದ ಅಳತೆ ಬಂದಾಗ. ಆ ಜಾಗ ದಾಟಿ ಅವರು ಮುಂದೆ ಹೋದದ್ದೇ ಇಲ್ಲ. ಪುಸ್ತಕದ ಬೆನ್ನು ಅಲ್ಲೇ ಮುರಿದಿತ್ತು.

ಆದರೂ ಅಕ್ಕ ಆ ಅಳತೆಗಳಿಂದಲೇ ಸಂಸಾರ ನಡೆಸಿದ್ದಳು. ಐವತ್ತು ಕುಣಿಕೆಗೆ ಐವತ್ತು ಕೊಂಡಿ ಸರಿಹೋಯಿತೆಂದು ನೆಂಟರ ಹುಡುಗಿಯ ಸಂಬಂಧ ಕುದುರಿಸಿದ್ದಳು. ಆ ಗಂಡ ಹೆಂಡತಿ ಈಗಲೂ ಚೆನ್ನಾಗಿದ್ದಾರೆ, ಅದೇ ತೊಂದರೆ.

ಹೀಗಿರುವಾಗ ಕಣ್ಣಿನ ಡಾಕ್ಟರು ಅಕ್ಕನ ಕಣ್ಣಿಗೆ ದೀಪ ಬಿಟ್ಟು ನೋಡಿ ಹೇಳಿದಳು: "ಪೊರೆ ಪೂರ್ತಿ ಬಲಿತಿದೆ ಅಜ್ಜಿ. ಇನ್ನೊಂದು ತಿಂಗಳು ಬಿಟ್ರೆ ಒಳಗಿನ ನರಾನೇ ಹಾಳಾಗುತ್ತೆ. ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ. ಈ ವಾರಾನೇ ಆಪರೇಷನ್ ಮಾಡೋಣ."

"ಮನೇಲಿ ಕೇಳಿ ಹೇಳ್ತೀನಿ" ಎಂದಳು ಅಕ್ಕ.

ಮನೆಯಲ್ಲಿ ಯಾರೋ ಹಿರಿಯರಿದ್ದಾರೆ ಎಂದುಕೊಂಡಳು ಡಾಕ್ಟರು. ಬೈಂಡರ್ ತಿದ್ದಲು ಹೋಗಲಿಲ್ಲ.

ಮಾರನೆಯ ದಿನ ಪುಸ್ತಕ ಎಂದಿನಂತೆ ಗುಡಾರಕ್ಕೇ ಬಿತ್ತು. ನೀಲಿ ಮತ್ತು ಕೆಂಪು ನೂಲಿನ ಪರದೆ ಮಾಡಿ ಕಂಬಗಳ ಮೇಲೆ ಇಳಿಬಿಡಬೇಕು ಎಂಬ ಮಾತು.

"ಕೇಳಿಸ್ಕೊಂಡ್ಯಾ?" ಎಂದಳು ಅಕ್ಕ. "ಪರದೆ ಇಳಿಬಿಡು ಅಂತಿದೆ. ತೆಗಿ ಅಂತಿಲ್ಲ. ನನ್ನ ಕಣ್ಣಿಗೂ ಒಂದು ಪರದೆ ಇಳಿಬಿಟ್ಟಿದಾನೆ. ಅದನ್ನ ತೆಗಿಯೋಕೆ ಡಾಕ್ಟ್ರು ಯಾರು?"

"ಅಕ್ಕ, ಅದು ಗುಡಾರದ ಪರದೆ."

"ಗುಡಾರ ಯಾರದು?"

"ದೇವರದು."

"ನಾನು ಯಾರೋಳು?"

ಬೈಂಡರ್ ಮೂರು ದಿನ ಹೇಳಿ ನೋಡಿದ. ಮೂರು ದಿನವೂ ಪರದೆ ಇಳಿಯಿತು.

ನಾಲ್ಕನೆಯ ದಿನ ಪಾದ್ರಿಗಳು ಹರಿದ ಹಾಡಿನ ಪುಸ್ತಕಗಳ ಗಂಟು ಹೊತ್ತು ಅಂಗಡಿಗೆ ಬಂದರು. ಬೈಂಡರ್ ಅವರ ಮುಂದೆ ತನ್ನ ಸಂಕಟ ತೋಡಿಕೊಂಡ.

"ಹಾಗೆ ತೆಗೆದು ನೋಡೋದು ತಪ್ಪು ಅಂತ ನಾನೂ ಹೇಳಿದೀನಪ್ಪ" ಎಂದರು ಅವರು, ಸ್ಟೂಲಿನ ಮೇಲಿನ ಕಾಗದದ ಚೂರು ಕೊಡವಿ ಕೂರುತ್ತ. "ಅದು ಲಾಟರಿ ಚೀಟಿ ಅಲ್ಲಮ್ಮಾ ಅಂದೆ. ನೀವು ಹೇಳೋದು ಸರೀನಾ ಅಂತ ಅದನ್ನೇ ಕೇಳ್ತೀನಿ ಅಂದ್ರು. ನನ್ನೆದುರೇ ಕೇಳಿದ್ರು."

"ಏನು ಬಂತು?"

"ಗುಡಾರದ ಗೂಟ. ನಾನು ಎದ್ದು ಬಂದೆ."

ಬೈಂಡರ್ ದಬ್ಬಳಕ್ಕೆ ದಾರ ಪೋಣಿಸುತ್ತ ಕೇಳಿದ: "ಬೇಜಾರು ಮಾಡ್ಕೋಬೇಡಿ ಪಾದ್ರಿಗಳೇ. ಅದು ನಿಜವಾಗ್ಲೂ ದೇವರ ಮಾತೇನಾ?"

"ನಾನು ಹೌದು ಅಂತೀನಿ" ಎಂದರು ಪಾದ್ರಿಗಳು. "ಹೌದು ಅಂದ ಮಾತ್ರಕ್ಕೆ ಎಲ್ಲಾ ಅರ್ಥ ಆಗಿದೆ ಅಂತಲ್ಲ. ನಮ್ಮಪ್ಪ ಬರೆದ ಕಾಗದ ಒಂದು ನನ್ನ ಹತ್ರ ಇದೆ. ಅರ್ಧ ಅಕ್ಷರ ಅಳಿಸಿಹೋಗಿದೆ, ಎರಡು ಕಡೆ ನನಗೆ ಬೈದಿದಾರೆ. ಆದ್ರೂ ಅದು ನಮ್ಮಪ್ಪಂದೇ ಅಂತ ಯಾರೂ ನನಗೆ ಸಾಬೀತು ಮಾಡ್ಬೇಕಾಗಿಲ್ಲ."

"ನಿಮ್ಮಪ್ಪನ್ನ ನೀವು ನೋಡಿದ್ರಿ."

"ಅದೂ ಒಂದು ಮಾತೇ" ಎಂದು ಪಾದ್ರಿಗಳು ಒಪ್ಪಿಕೊಂಡು, ಹಾಡಿನ ಪುಸ್ತಕ ಭಾನುವಾರಕ್ಕೆ ಬೇಕು ಎಂದು ಹೇಳಿ ಹೊರಟರು.

ಅವರು ಹೋದ ಮೇಲೆ ಬೈಂಡರನಿಗೆ ಉಪಾಯ ಹೊಳೆಯಿತು. ಭಾವನ ಕನ್ನಡಕ ಮಾಡಿದ್ದನ್ನು ತಾನೇಕೆ ಮಾಡಬಾರದು? ಹಿಂದಿನ ಕೋಣೆಗೆ ಹೋಗಿ, "ಅಕ್ಕ, ನಿನ್ನ ಪುಸ್ತಕದ ಬೆನ್ನು ಮುರಿದಿದೆ. ಹಾಳೆ ಉದುರೋದ್ರೊಳಗೆ ಒಂದು ಸಲ ಕಟ್ಟಿಕೊಡ್ತೀನಿ" ಎಂದ. ಅಕ್ಕ ಪುಸ್ತಕವನ್ನು ಎದೆಗವಚಿಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. ಕೊನೆಗೆ, "ಒಂದು ಫಾರಂ ಕಮ್ಮಿ ಆದ್ರೆ ನಿನ್ನ ಕಿವಿ ಹಿಂಡ್ತೀನಿ" ಎಂದು ಕೊಟ್ಟಳು.

ಬೈಂಡರ್ ಪುಸ್ತಕವನ್ನು ಪೂರ್ತಿ ಬಿಚ್ಚಿದ. ಹುಟ್ಟುಕುರುಡನೊಬ್ಬನ ಕಣ್ಣಿಗೆ ಯೇಸು ಮಣ್ಣು ಹಚ್ಚಿ, ತೊಳೆದುಕೋ ಎಂದು ಕಳಿಸಿ, ಅವನಿಗೆ ದೃಷ್ಟಿ ಬಂದ ಕಥೆ ಪುಸ್ತಕದ ಹಿಂಭಾಗದಲ್ಲಿತ್ತು, ಮುಕ್ಕಾಲು ಪಾಲು ದಾಟಿದ ಮೇಲೆ. ಆ ಪುಟವೊಂದನ್ನು ಬಿಟ್ಟು ಉಳಿದ ಕಡೆಯೆಲ್ಲ ಮೇಣ ಹಚ್ಚಿದ ಜೋಡಿ ದಾರದಲ್ಲಿ ಬಿಗಿಯಾಗಿ ಹೊಲಿದ. ಅಲ್ಲಿ ಮಾತ್ರ ಹೊಲಿಗೆ ಸಡಿಲ ಬಿಟ್ಟ, ಅಂಟು ಅರ್ಧ ಬಳಿದ, ಸ್ಕೇಲು ಇಟ್ಟು ಒತ್ತಿದ. ಹೊಸ ರಟ್ಟು ಹಾಕಿದ ಮೇಲೆ ಮೇಜಿನ ಮೇಲೆ ಇಪ್ಪತ್ತು ಸಲ ಕೈಬಿಟ್ಟು ನೋಡಿದ. ಹದಿನೆಂಟು ಸಲ ಕುರುಡನ ಕಥೆಗೇ ಬಿತ್ತು. ಎರಡು ಸಲ ಪುಸ್ತಕವೇ ಕೆಳಗೆ ಬಿತ್ತು. ಅಪ್ಪಿತಪ್ಪಿ ಓದುವಾಗ ತಡವರಿಸಬಾರದೆಂದು ಆ ಕಥೆಯನ್ನು ಬಾಯಿಪಾಠವನ್ನೂ ಮಾಡಿಕೊಂಡ.

ಅಷ್ಟರಲ್ಲಿ ಹೆಂಡತಿ ಕಾಫಿ ತಂದಳು.

"ಅತ್ತಿಗೆ ಕಣ್ಣಿನ ವಿಷಯ ಏನಾಯ್ತು?"

"ನಾಳೆ ಬೆಳಿಗ್ಗೆ ಒಪ್ಕೋತಾಳೆ ನೋಡ್ತಾ ಇರು."

"ನಾನು ಹೇಳಿದ್ರೆ ಒಪ್ಪಲಿಲ್ಲ, ಡಾಕ್ಟ್ರು ಹೇಳಿದ್ರೆ ಒಪ್ಪಲಿಲ್ಲ. ನೀವೇನು ಮಂತ್ರ ಹಾಕ್ತೀರಾ?"

ಮಾತು ಬಾಯಿಯದು, ಕೆಲಸ ಕೈಯದು. ಹೊಸದಾಗಿ ಕಟ್ಟಿದ ಯಾವ ಪುಸ್ತಕವನ್ನೂ ಅವನು ಹಾಗೇ ಕೊಡುತ್ತಿರಲಿಲ್ಲ. ಮುಂದಿನಿಂದ ಒಂದಷ್ಟು ಹಾಳೆ, ಹಿಂದಿನಿಂದ ಒಂದಷ್ಟು ಹಾಳೆ ಬಿಡಿಸಿ, ಹೆಬ್ಬೆರಳಿನಿಂದ ಒತ್ತಿ, ಬೆನ್ನು ಸಡಿಲ ಮಾಡಿಯೇ ಕೊಡುವುದು. ಮೂವತ್ತೈದು ವರ್ಷದ ಅಭ್ಯಾಸ. ಕೈ ಅವನನ್ನು ಕೇಳದೆ ಆ ಕೆಲಸ ಶುರುಮಾಡಿತ್ತು. ಹೆಂಡತಿಯ ಜೊತೆ ಮಾತು ಮುಗಿಯುವವರೆಗೂ ಹೆಬ್ಬೆರಳು ಮುಂಭಾಗದ ಒಂದು ಪುಟದ ನಡುವೆಯೇ ಒತ್ತಿಕೊಂಡು ಕೂತಿತ್ತು. ಬೈಂಡರನ ಗಮನ ಕಾಫಿಯ ಕಡೆ.

ಬೆಳಿಗ್ಗೆ ಅಕ್ಕ ಹೊಸ ರಟ್ಟನ್ನು ತಡವಿ, ಬೆನ್ನು ಸವರಿ, ಮೂಸಿ ನೋಡಿ, "ಚೆನ್ನಾಗಿ ಕಟ್ಟಿದೀಯ" ಎಂದಳು. ತೊಡೆಯ ಮೇಲೆ ನಿಲ್ಲಿಸಿದಳು. "ಆಪರೇಷನ್ ವಿಷಯ ಇನ್ನೊಂದು ಸಲ ಕೇಳ್ತೀನಿ. ಇದೇ ಕೊನೆ. ಮತ್ತೆ ನೀನು ನನ್ನ ಪ್ರಾಣ ತಿನ್ನಬಾರದು" ಎಂದು ಕೈಬಿಟ್ಟಳು.

ಪುಸ್ತಕ ತೆರೆದುಕೊಂಡಿತು. ಬೈಂಡರ್ ಬಗ್ಗಿ ನೋಡಿದ. ಅಲ್ಲಿದ್ದದ್ದು ಕುರುಡನ ಕಥೆಯಲ್ಲ. ಬೇರೆಯೇ ಏನೋ. ಆದರೂ ಅವನು ಗಂಟಲು ಸರಿಮಾಡಿಕೊಂಡು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸತೊಡಗಿದ. ಯೇಸು ಹಾದಿಯಲ್ಲಿ ಹೋಗುವಾಗ ಒಬ್ಬ ಹುಟ್ಟುಕುರುಡನನ್ನು ಕಂಡದ್ದು, ಮಣ್ಣು ಕಲಸಿದ್ದು, ಕಣ್ಣಿಗೆ ಹಚ್ಚಿದ್ದು. ದನಿ ಕೂಡ ನಡುಗಲಿಲ್ಲ.

"ನಿಲ್ಲಿಸು" ಎಂದಳು ಅಕ್ಕ.

"ಯಾಕಕ್ಕ?"

ಅಕ್ಕ ಎಡಗಡೆಯ ಹಾಳೆಗಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಈ ಕಡೆ ಎಷ್ಟು ದಪ್ಪ ಇದೆ ನೋಡು. ರಟ್ಟು ಸೇರಿ ಒಂದು ಬಿಸ್ಕತ್ತಿನಷ್ಟಿಲ್ಲ. ಇಷ್ಟರಲ್ಲಿ ಯೇಸು ಎಲ್ಲಿಂದ ಬಂದ? ಪ್ರಳಯ ಮುಗಿದು ಈಗ ತಾನೆ ಹಡಗಿಂದ ಇಳಿದು ಬಟ್ಟೆ ಒಣಗಿಸ್ತಾ ಇದಾರೆ."

ಬೈಂಡರ್ ಹಾಳೆಗಳ ಅಂಚನ್ನು ನೋಡಿದ.

"ಅಲ್ಲಿ ಏನಿದೆಯೋ ಅದನ್ನ ಓದು."

ಓದಿದ. ಕಣ್ಣು ಮೊಬ್ಬಾದ ಒಬ್ಬ ಮುದುಕ ತಂದೆ. ಅವನು ದೊಡ್ಡ ಮಗನನ್ನು ಆಶೀರ್ವಾದಕ್ಕೆ ಕರೆಯುತ್ತಾನೆ. ಚಿಕ್ಕವನು ಅಣ್ಣನ ಬಟ್ಟೆ ತೊಟ್ಟು, ಅಣ್ಣನ ಕೈಯಂತೆ ರೋಮ ತೋರಲೆಂದು ಕೈಗೆ ಮೇಕೆಯ ಚರ್ಮ ಸುತ್ತಿಕೊಂಡು ಬಂದು ನಾನೇ ದೊಡ್ಡವನು ಎನ್ನುತ್ತಾನೆ. ಮುದುಕ ತಡವಿ ನೋಡುತ್ತಾನೆ. ದನಿ ಒಬ್ಬನದು, ಕೈ ಇನ್ನೊಬ್ಬನದು ಅನ್ನಿಸಿದರೂ ಮೋಸ ಹೋಗುತ್ತಾನೆ. ಅಷ್ಟು ನಿಧಾನವಾಗಿ ಬೈಂಡರ್ ಜೀವಮಾನದಲ್ಲಿ ಏನನ್ನೂ ಓದಿರಲಿಲ್ಲ.

ಓದಿ ಮುಗಿಸಿ ಅವನು ಪುಸ್ತಕದ ಬೆನ್ನು ಮುಟ್ಟಿ ನೋಡಿದ.

"ಇಪ್ಪತ್ತು ಸಲ ನೋಡಿದ್ದೆ ಅಕ್ಕ" ಎಂದು ಅವನ ಬಾಯಿಂದ ಜಾರಿತು.

"ಏನು ನೋಡಿದ್ದೆ?"

ಎಲ್ಲವನ್ನೂ ಹೇಳಿದ. ಸಡಿಲ ಹೊಲಿಗೆ, ಅರ್ಧ ಅಂಟು, ಸ್ಕೇಲು. ಅಕ್ಕ ಕೇಳುತ್ತ ಕೇಳುತ್ತ ನಗತೊಡಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು.

"ನೀನು ಹೊಲಿದದ್ದು ಒಂದು ಕಡೆ, ತೆರೆದದ್ದು ಇನ್ನೊಂದು ಕಡೆ. ಈಗ ಹೇಳು ನೋಡೋಣ, ಇದು ಯಾರ ಮಾತು?"

"ನನ್ನ ಹೆಬ್ಬೆರಳಿಂದು" ಎಂದ ಬೈಂಡರ್. ನಿನ್ನೆಯ ಕಾಫಿಯ ಹೊತ್ತು ಈಗ ಅವನಿಗೆ ನೆನಪಾಗಿತ್ತು. ಅದನ್ನೂ ಹೇಳಿದ.

"ಆ ಹೆಬ್ಬೆರಳಿಗೆ ನಿನಗಿಂತ ಜಾಸ್ತಿ ಬುದ್ಧಿ ಕೊಟ್ಟೋರು ಯಾರು?"

ಅವನಿಗೆ ರೇಗಿತು. "ಹಾಗಾದ್ರೆ ಇದನ್ನೂ ಕೇಳು. ಇಷ್ಟು ವರ್ಷ ನಿನಗೆ ದಿನಾ ಅಪ್ಪಣೆ ಕೊಟ್ಟದ್ದು ದೇವರಲ್ಲ. ಭಾವನ ಕನ್ನಡಕ."

ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ಅಕ್ಕ ತೆರೆದ ಪುಟದ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು.

"ಗೊತ್ತು" ಎಂದಳು.

"ಗೊತ್ತಾ?"

"ಪಕ್ಕದಲ್ಲೇ ಕೂತು ಗೊರಕೆ ಕೇಳ್ತಿದ್ದೋಳು ನಾನು. ನನಗೆ ಗೊತ್ತಿಲ್ಲದೆ ನಿನಗೆ ಗೊತ್ತಾ? ಅವರು ಹೋದ ಮೇಲೆ ಬೆಳಿಗ್ಗೆ ಆ ಪುಟ ಬಂದ್ರೆ ಅವರೂ ಬಂದು ಕೂತ ಹಾಗಿರೋದು."

"ಮತ್ತೆ ಪರದೆ ತೆಗೀಬಾರದು ಅಂತ ಪಟ್ಟು ಹಿಡಿದದ್ದು?"

ಅಕ್ಕ ಪುಟದ ಮೇಲಿನ ಕೈ ತೆಗೆದಳು. "ಹೆದರಿಕೆ ಕಣೋ. ಕಣ್ಣಿಗೆ ಚಾಕು ಹಾಕ್ತಾರೆ ಅಂದ್ರೆ ಯಾರಿಗೆ ಹೆದರಿಕೆ ಆಗಲ್ಲ? ಈ ವಯಸ್ಸಲ್ಲಿ ಹೆದರಿಕೆ ಅನ್ನೋಕೆ ನಾಚಿಕೆ. ಅದಕ್ಕೆ ದೇವರು ಬೇಡ ಅಂದ ಅಂದೆ. ನೀನು ದಾರದಲ್ಲಿ ಸುಳ್ಳು ಹೇಳ್ದೆ, ನಾನು ಪರದೇಲಿ ಹೇಳ್ದೆ. ಇಬ್ರೂ ಅವನ ಹೆಸರಲ್ಲೇ ಹೇಳಿದ್ದು."

ಬೈಂಡರ್ ಅವಳ ತೊಡೆಯ ಮೇಲಿನ ತೆರೆದ ಪುಟವನ್ನೇ ನೋಡಿದ.

"ಆ ಮುದುಕನಿಗೆ ಕಣ್ಣು ಕಂಡಿದ್ರೆ ಮೇಕೆ ಚರ್ಮ ಯಾವ್ದು, ಮಗನ ಕೈ ಯಾವ್ದು ಅಂತ ಗೊತ್ತಾಗ್ತಿತ್ತು" ಎಂದು ಅಕ್ಕ ಪುಸ್ತಕ ಮುಚ್ಚಿದಳು. "ಡಾಕ್ಟ್ರಿಗೆ ಫೋನ್ ಮಾಡು. ಬರ್ತೀನಿ ಅನ್ನು. ನಿನ್ನಂಥೋನು ಮನೇಲಿರೋವಾಗ ಕಣ್ಣಿಲ್ಲದೆ ಇರೋದು ಕ್ಷೇಮ ಅಲ್ಲ."

ಹತ್ತು ದಿನದ ಮೇಲೆ ಆಸ್ಪತ್ರೆಯಲ್ಲಿ ಅಕ್ಕನನ್ನು ಹಸಿರು ಬಟ್ಟೆ ತೊಡಿಸಿ ಒಳಗೆ ಕರೆದುಕೊಂಡು ಹೋದರು. ಪುಸ್ತಕ ಒಳಗೆ ಬಿಡುವುದಿಲ್ಲ ಎಂದಳು ನರ್ಸು. ಅಕ್ಕ ಅದನ್ನು ತಮ್ಮನ ಕೈಗಿಟ್ಟು, "ಹೊತ್ತು ಹೋಗದಿದ್ರೆ ನೀನೂ ಒಂದು ಸಲ ತೆಗೆದು ನೋಡು. ನಿನಗೇನು, ಅದು ದಾರ ಮತ್ತೆ ಅಂಟು ಅಷ್ಟೇ ತಾನೆ" ಎಂದು ನಡೆದಳು. ಅವಳ ಕೈ ತಣ್ಣಗಿತ್ತು.

ಬೈಂಡರ್ ಬೆಂಚಿನ ಮೇಲೆ ಕೂತ. ಪುಸ್ತಕ ತೊಡೆಯ ಮೇಲೆ, ಬೆನ್ನು ಕೆಳಗಾಗಿ, ಎರಡೂ ಕೈಯ ನಡುವೆ. ಕೈ ಬಿಟ್ಟರೆ ತೆರೆದುಕೊಳ್ಳುತ್ತಿತ್ತು. ಎಲ್ಲಿ? ಕುರುಡನಿಗೆ ಕಣ್ಣು ಬಂದ ಪುಟಕ್ಕೆ ಬಿದ್ದರೆ ಸರಿ. ಆದರೆ ಇದರೊಳಗೆ ಇನ್ನೂ ಏನೇನಿದೆ ಎಂದು ಬಿಚ್ಚಿ ಕಟ್ಟಿದವನಿಗೆ ಗೊತ್ತಿತ್ತು. ಪ್ರಳಯವಿತ್ತು, ಬರಗಾಲವಿತ್ತು, ಇಡೀ ನಾಡಿಗೆ ಕತ್ತಲೆ ಕವಿದದ್ದೂ ಇತ್ತು. ಯಾವ ಪುಟ ಬಂದರೂ ಅದು ಹೊಲಿಗೆಯ ಕೆಲಸ, ಬೇರೇನೂ ಅಲ್ಲ. ಅವನು ಅದನ್ನು ಎರಡು ಸಲ ತನಗೆ ತಾನೇ ಹೇಳಿಕೊಂಡು, ಕೈಯನ್ನು ಇನ್ನಷ್ಟು ಬಿಗಿ ಮಾಡಿದ.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಬಗ್ಗಿ ನೋಡಿದರು. "ಬೈಬಲ್ಲಾ? ಸುಮ್ನೆ ಕೂತು ಬೇಜಾರು. ಸ್ವಲ್ಪ ಕೊಡ್ತೀರಾ, ತಿರುಗಿಸಿ ನೋಡ್ತೀನಿ."

"ಅಂಟು ಒಣಗಿಲ್ಲ ಯಜಮಾನ್ರೇ" ಎಂದ ಬೈಂಡರ್.

"ಯಾವಾಗ ಕಟ್ಟಿಸಿದ್ದು?"

"ಹತ್ತು ದಿನ ಆಯ್ತು."

"ಹತ್ತು ದಿನಕ್ಕೂ ಒಣಗದ ಅಂಟಾ? ಬೈಂಡರ್ ಯಾರು?"

"ಇದಾನೆ ಒಬ್ಬ. ನಂಬಿಕಸ್ತ ಅಲ್ಲ."

ಮುಕ್ಕಾಲು ಗಂಟೆಯಾದ ಮೇಲೆ ನರ್ಸು ಬಂದಳು. "ಅಜ್ಜಿ ಕಡೆಯವರು ನೀವೇನಾ? ಚೆನ್ನಾಗಿ ಆಯ್ತು, ಕಣ್ಣಿಗೇನೂ ತೊಂದರೆ ಇಲ್ಲ. ಬನ್ನಿ ಒಳಗೆ."

ಬೈಂಡರ್ ಎದ್ದು ಬಾಗಿಲವರೆಗೆ ಹೋಗಿ ಅಲ್ಲೇ ನಿಂತ. ಅವನ ಎರಡೂ ಕೈ ಇನ್ನೂ ಪುಸ್ತಕವನ್ನು ಒತ್ತಿ ಹಿಡಿದಿದ್ದವು. ನರ್ಸು ಒಂದು ಕ್ಷಣ ಅವನ ಮುಖ ನೋಡಿ, ತಾನೇ ಬಾಗಿಲು ತಳ್ಳಿ ಹಿಡಿದಳು.